ಕೆಂಪು ಟೀಶರ್ಟಿನ ಬಿಳಿ ಪ್ರಿಂಟ್ ಪಿಂಕ್ ಆಯ್ತು, ಹುಡುಗನ ಸಂಬಳದಿಂದ ಹಿಡಿಯುದಾ ಬೇಡ್ವಾ?

ಉಡುಪಿ_ಟೀಶರ್ಟ್:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಿದ್ದವರು ಓದಿ. ನಮ್ದು ಉಡುಪಿಯಲ್ಲಿ ಸಣ್ಣ ಯೂನಿಟ್, ಬಟ್ಟೆ ತಿರುಪ್ಪೂರಿಂದ ರೋಲಲ್ಲಿ ಬರ್ತದೆ, ಕಟಿಂಗ್ ಸ್ಟಿಚಿಂಗ್ ಪ್ರಿಂಟಿಂಗ್ ಎಲ್ಲ ನಮ್ಮಲ್ಲೇ. ಆರು ಹೊಲಿಗೆ ಮೆಷಿನ್, ಒಂದು ಸ್ಕ್ರೀನ್ ಪ್ರಿಂಟ್ ಟೇಬಲ್, ಬೆಲ್ಟ್ ಇರುವ ಸಣ್ಣ ಡ್ರೈಯರ್ ಒಂದು. ಪಾರ್ಟಿಗಳೆಲ್ಲ ಇಲ್ಲಿಯವರೇ, ಅಂಡರ್‌ಆರ್ಮ್ ಕ್ರಿಕೆಟ್ ಟೀಮು, ಭಜನಾ ಮಂಡಳಿ, ಬ್ರಹ್ಮಕಲಶೋತ್ಸವದ ಸ್ವಯಂಸೇವಕರು, ಮಣಿಪಾಲದ ಕಾಲೇಜು ಹುಡುಗರ ಫೆಸ್ಟು, ಹೀಗೆ.

ಈ ಸಲ ಅಷ್ಟಮಿಗೆ ಒಂದು ಹುಲಿವೇಷದ ಟೀಮಿಂದ 240 ಪೀಸ್ ಆರ್ಡರ್ ಬಂತು. ಕೆಂಪು ಪಾಲಿಯೆಸ್ಟರ್ ಡಾಟ್ ನಿಟ್ಟು (ಜೆರ್ಸಿಗೆ ಹಾಕುವ ಹೆಣೆದ ಬಟ್ಟೆ), ಬೆನ್ನಿಗೆ ದೊಡ್ಡ ಹುಲಿ ಮುಖ ಬಿಳಿಯಲ್ಲಿ, ಕೆಳಗೆ ಟೀಮಿನ ಹೆಸರು. ಪ್ರಿಂಟ್ ಆಗಿ ಪ್ಯಾಕ್ ಮಾಡುವಾಗ ಹಾಲಿನ ಹಾಗೆ ಬಿಳಿ ಇತ್ತು, ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ, ಫೋಟೋ ಕೂಡ ಉಂಟು. ಎರಡು ದಿನ ಬಿಟ್ಟು ಬೆಳಿಗ್ಗೆ ಫೋನು, "ಅಣ್ಣ, ನಿಮ್ಮ ಹುಲಿ ಎಂತ ಸ್ಟ್ರಾಬೆರಿ ಐಸ್‌ಕ್ರೀಮ್ ತಿಂದದಾ?" ಅಂತ. ಹೋಗಿ ನೋಡಿದ್ರೆ ಹುಲಿಯ ಹಲ್ಲೆಲ್ಲ ಗುಲಾಬಿ. ಎಲ್ಲ ಪೀಸಲ್ಲ, ಅದೇ ತಲೆಬಿಸಿ. 40 ಪೀಸಿನ ಆರು ಕಟ್ಟು ಮಾಡಿ ಕೊಟ್ಟದ್ದು, ಪ್ರತಿ ಕಟ್ಟಿನ ಮೇಲಿನ ಒಂದಷ್ಟು, ಅಡಿಯ ಒಂದಷ್ಟು ಸರಿಯೇ ಉಂಟು, ನಡುವಿಗೆ ಹೋದ ಹಾಗೆ ಪಿಂಕ್ ಜಾಸ್ತಿ. ಒಟ್ಟು 140 ಪೀಸ್ ಹತ್ತಿರ ಹಾಳು.

ಪುನಃ ಮಾಡ್ಲಿಕ್ಕೆ ಟೈಮೇ ಇಲ್ಲ, ವಿಟ್ಲಪಿಂಡಿ (ಅಷ್ಟಮಿ ಕಳೆದು ಆಗುವ ಮೊಸರುಕುಡಿಕೆ) ಮರುದಿನವೇ, ಹುಡುಗರು ಮೈಗೆ ಬಣ್ಣ ಹಾಕಿಸ್ಲಿಕ್ಕೆ ಕೂತಾಗಿತ್ತು. ಅವರು ಒಳ್ಳೆಯವರು, ಇಡೀ 240 ಪೀಸನ್ನು ಅರ್ಧ ರೇಟಿಗೆ ತಗೊಂಡ್ರು. 230 ರೂಪಾಯಿ ಪೀಸು, ಲೆಕ್ಕ ಹಾಕಿ, 27,600 ರೂಪಾಯಿ ಹೋಯ್ತು. ಇಂಕ್ ಕೊಟ್ಟವನಿಗೆ ಫೋನ್ ಮಾಡಿದ್ರೆ ಬಟ್ಟೆಯ ಡೈ ಸರಿ ಇಲ್ಲ ಅಂತಾನೆ, ಬಟ್ಟೆಯವನಿಗೆ ಮಾಡಿದ್ರೆ ನಿಮ್ಮ ಇಂಕ್ ಸರಿ ಇಲ್ಲ ಅಂತಾನೆ. ನಮ್ಮ ಭಾವ ಪಾರ್ಟ್‌ನರ್, ಅವರು ಹೇಳುದು ಪ್ರಿಂಟಿಂಗ್ ಹುಡುಗನ ಸಂಬಳದಿಂದ ತಿಂಗಳಿಗೆ ಎರಡು ಸಾವಿರ ಹಿಡಿಯುವ, ಆಗ ಬುದ್ಧಿ ಬರ್ತದೆ ಅಂತ. ಹುಡುಗ ಮೂರು ವರ್ಷದಿಂದ ನಮ್ಮಲ್ಲೇ ಇರುದು, ಕುಂದಾಪುರ ಕಡೆಯವ, ಕೆಲಸ ಒಳ್ಳೆದುಂಟು. ಜೂನಲ್ಲೂ ಅವನ ಕೈಯಿಂದ ಒಂದು ಆರ್ಡರ್ ಹೋಗಿತ್ತು, ಕಾಟನ್ ಟೀಶರ್ಟು, ಎರಡು ಸಲ ಒಗೆದದ್ದೇ ಪ್ರಿಂಟ್ ಬಿರುಕು ಬಿಟ್ಟಿತು, ಆದ್ರೆ ಅದು ಬೇರೆ ವಿಷಯ.

ನನ್ನ ಪ್ರಶ್ನೆ ಎರಡು. ಇದು ಯಾಕೆ ಆದದ್ದು? ಇನ್ನು ಆಗದ ಹಾಗೆ ಎಂತ ಮಾಡುದು, ಸಂಬಳ ಹಿಡಿಯುದು ಸರಿಯಾ?


ಕುಡ್ಲ_ಕಟಿಂಗ್:

ಇಂಕ್ ಬ್ರ್ಯಾಂಡ್ ಚೇಂಜ್ ಮಾಡಿ ಮಾರಾಯ್ರೆ, ಅಷ್ಟೇ. ಇಲ್ದಿದ್ರೆ ಡಿಟಿಎಫ್‌ಗೆ (ಫಿಲ್ಮಲ್ಲಿ ಪ್ರಿಂಟ್ ಮಾಡಿ ಬಟ್ಟೆಗೆ ಪ್ರೆಸ್ ಮಾಡಿ ಅಂಟಿಸುದು) ಹೋಗಿ, ಈಗ ಯಾರು ಸ್ಕ್ರೀನ್ ಮಾಡ್ತಾರೆ.


ಬೈಕಂಪಾಡಿ_ಪ್ರಿಂಟರ್:

ಮೇಲಿನವರ ಮಾತು ಕೇಳಿ ಡಿಟಿಎಫ್‌ಗೆ ಹೋದ್ರೆ ಅದೂ ಪಿಂಕ್ ಆಗ್ತದೆ, ಅದಕ್ಕೆಂತ ಬಟ್ಟೆಯ ಬಣ್ಣ ಹೆದರುದಿಲ್ಲ. ನಾನು 19 ವರ್ಷದಿಂದ ಇದೇ ಕೆಲಸದಲ್ಲಿ ಇರುವವ, ಪಿಂಕ್ ಹುಲಿ, ಪಿಂಕ್ ಗರುಡ, ಒಮ್ಮೆ ಒಂದು ಕಾಲೇಜಿಂದು ಪಿಂಕ್ ಗಾಂಧೀಜಿ, ಎಲ್ಲ ನೋಡಿಯಾಗಿದೆ.

ಇದಕ್ಕೆ ನಾವು ಡೈ ಮೈಗ್ರೇಷನ್ ಅಂತ ಹೇಳುದು. ಪಾಲಿಯೆಸ್ಟರಿಗೆ ಹಾಕುದು ಡಿಸ್ಪರ್ಸ್ ಡೈ, ಅದನ್ನು ಪ್ರೆಶರ್ ಮೆಷಿನಲ್ಲಿ 130 ಡಿಗ್ರಿ ಹತ್ತಿರದ ನೀರಲ್ಲಿ ಬೇಯಿಸಿ ನೂಲಿನ ಒಳಗೆ ತುಂಬಿಸ್ತಾರೆ. ಒಳಗೆ ಹೋದದ್ದು ಬಿಸಿಯ ದಾರಿಯಲ್ಲಿ ತಾನೆ, ಪುನಃ ಅಷ್ಟು ಬಿಸಿ ಕೊಟ್ರೆ ಅದೇ ದಾರಿಯಲ್ಲಿ ಹೊರಗೂ ಬರ್ತದೆ, ಆವಿ ಆಗಿ. ಕ್ರಿಕೆಟ್ ಜೆರ್ಸಿಗೆ ಸಬ್ಲಿಮೇಷನ್ ಮಾಡ್ತೇವಲ್ಲ, ಪೇಪರಿನ ಬಣ್ಣವನ್ನು 200 ಡಿಗ್ರಿ ಹತ್ತಿರ ಪ್ರೆಸ್ ಮಾಡಿ ಬಟ್ಟೆಗೆ ಇಳಿಸುದು, ಅದೂ ಇದೇ ಜಾತಿಯ ಬಣ್ಣ. ಅಲ್ಲಿ ನಾವು ಬೇಕಂತ ಮಾಡುದು, ನಿಮ್ಮಲ್ಲಿ ಬೇಡದೆ ಆದದ್ದು. ಪ್ಲಾಸ್ಟಿಸಾಲ್, ಅಂದ್ರೆ ಪ್ಲಾಸ್ಟಿಕ್ ಜಾತಿಯ ಇಂಕ್, ಕ್ಯೂರ್ ಆಗ್ಲಿಕ್ಕೆ (ಬೆಂದು ಗಟ್ಟಿಯಾಗ್ಲಿಕ್ಕೆ) 160 ಡಿಗ್ರಿ ಬೇಕು, ಆ ಬಿಸಿಗೆ ಕೆಂಪು ಎದ್ದು ಬಂದು ಮೇಲಿನ ಬಿಳಿ ಇಂಕಿನ ಒಳಗೆ ಕೂತ್ಕೊಳ್ತದೆ. ಕೆಂಪು, ಮರೂನ್ ಎಲ್ಲಕ್ಕಿಂತ ಕೆಟ್ಟದು. ಮತ್ತೆ ಅದು ಕೂಡ್ಲೆ ಕಾಣುದಿಲ್ಲ, ನೀವು ಪ್ಯಾಕ್ ಮಾಡುವಾಗ ಬಿಳಿ ಇತ್ತು ಅಂದದ್ದು ಸುಳ್ಳಲ್ಲ, ಒಂದು ದಿನ, ಎರಡು ದಿನ, ಕೆಲವು ಸಲ ವಾರ ಕಳೆದು ಮುಖ ತೋರಿಸ್ತದೆ. ಹಾಗಾಗಿ ಇಂಕಿನವನೂ ಸುಳ್ಳು ಹೇಳ್ಲಿಲ್ಲ, ಬಟ್ಟೆಯವನೂ ಹೇಳ್ಲಿಲ್ಲ, ಇಬ್ಬರೂ ಅರ್ಧರ್ಧ ಹೇಳಿದ್ದು.

ಆದ್ರೆ ನೀವು ಬರೆದದ್ರಲ್ಲಿ ನನಗೆ ಸಿಕ್ಕಿದ್ದು ಬೇರೆ. ಕಟ್ಟಿನ ನಡುವಿನ ಪೀಸ್ ಮಾತ್ರ ಹಾಳು ಅಂದ್ರಿ. ಬಟ್ಟೆಯದ್ದೇ ತಪ್ಪಾಗಿದ್ರೆ ಇಡೀ ರೋಲ್ ಹೋಗ್ಬೇಕಿತ್ತು, ಇಂಕಿಂದೇ ಆದ್ರೆ ಇಡೀ ಡಬ್ಬಿ ಹೋಗ್ಬೇಕಿತ್ತು. ಕಟ್ಟಿನ ಮೇಲೆ ಸರಿ, ಅಡಿಯಲ್ಲಿ ಸರಿ, ನಡುವಲ್ಲಿ ಹಾಳು ಅಂದ್ರೆ ಆ ಕಟ್ಟು ಬಿಸಿಬಿಸಿಯೇ ಕಟ್ಟಿದ್ದು. ಕುಚ್ಚಲಕ್ಕಿ ಗಂಜಿ ಪಾತ್ರೆಗೆ ಬಟ್ಟೆ ಸುತ್ತಿ ಇಟ್ರೆ ಮಧ್ಯಾಹ್ನಕ್ಕೂ ಬಿಸಿ ಇರುದಿಲ್ವಾ, ಹಾಗೆ. ಹೊರಗಿನ ಪೀಸ್ ತಣಿದಿದೆ, ಒಳಗಿಂದು ಗಂಟೆಗಟ್ಟಲೆ ಬೆಂದಿದೆ.

ಎರಡು ವಿಷಯ ಹುಡುಗನ ಹತ್ರ ಕೇಳಿ ಹೇಳಿ. ಬಯ್ಯದೆ ಕೇಳಿ. ಡ್ರೈಯರ್ ಎಷ್ಟಕ್ಕೆ ಇಟ್ಟಿದ್ದ? ಹೊರಗೆ ಬಂದ ಪೀಸನ್ನು ಎಂತ ಮಾಡಿದ?


ಕುಡ್ಲ_ಡಿಟಿಪಿ:

ವಿಷಯ ಬೇರೆ ಆದ್ರೂ ಹೇಳ್ತೇನೆ, ನಿಮ್ಮ ಪುಣ್ಯ ಹೆಸರು ಸರಿ ಬಂದದ್ದು. ನಾನು ಡಿಸೈನ್ ಮಾಡಿ ಕೊಡುವವ, ಟೀಶರ್ಟ್ ಕೆಲಸದಲ್ಲಿ ಮುಕ್ಕಾಲು ಗಲಾಟೆ ಕನ್ನಡ ಅಕ್ಷರದ್ದು. ನಾವು ಕೋರಲ್ ಅಂತ ಡಿಸೈನ್ ಸಾಫ್ಟ್‌ವೇರಲ್ಲಿ ನುಡಿ ಫಾಂಟಲ್ಲಿ ಟೈಪ್ ಮಾಡಿ ಕಳಿಸುದು, ಅಲ್ಲಿ ಪ್ರಿಂಟರಿನ ಸಿಸ್ಟಮಲ್ಲಿ ಆ ಫಾಂಟ್ ಇಲ್ಲ, ಓಪನ್ ಮಾಡಿದ್ರೆ ಏನೋ ಇಂಗ್ಲಿಷ್ ಅಕ್ಷರ ಚೆಲ್ಲಿದ ಹಾಗೆ ಕಾಣ್ತದೆ. ಅದಾದ್ರೂ ಒಳ್ಳೆದು, ಎಲ್ಲರಿಗೂ ಗೊತ್ತಾಗ್ತದೆ. ಅಪಾಯ ಎಲ್ಲಿ ಅಂದ್ರೆ ಅಲ್ಲಿಯ ಹುಡುಗ ತಾನೇ ಪುನಃ ಟೈಪ್ ಮಾಡ್ಲಿಕ್ಕೆ ಹೊರಟಾಗ. ಯೂನಿಕೋಡ್ ಸರಿ ಬರದ ಹಳೇ ಸಾಫ್ಟ್‌ವೇರಲ್ಲಿ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ನಿಲ್ತದೆ, ಅರ್ಕಾವತ್ತು ಸಿಗದೆ ಒಂಬತ್ತು ಹಾಕಿ 'ವಾಷಿ೯ಕೋತ್ಸವ' ಮಾಡ್ತಾರೆ. ನನ್ನದೇ ಒಂದು ಕೆಲಸದಲ್ಲಿ 'ಸ್ವಯಂಸೇವಕ' ಅಂತ ಇದ್ದದ್ದು 'ಸ್ವಯಂಸೇವ' ಆಗಿ 150 ಜನರ ಬೆನ್ನಲ್ಲಿ ಮೂರು ದಿನ ಅನ್ನಛತ್ರದಲ್ಲಿ ಓಡಾಡಿತು. ಕ ಒಂದು ಸ್ಕ್ರೀನಿಂದ ಹೊರಗೆ ಹೋಗಿತ್ತು.

ಈಗ ನಾನು ಫೈಲ್ ಕಳಿಸುವ ಮೊದಲು ಎಲ್ಲ ಅಕ್ಷರ ಕರ್ವ್ ಮಾಡಿಯೇ (ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸಿ) ಕಳಿಸುದು, ಫಾಂಟ್ ಇರ್ಲಿ ಇಲ್ದಿರ್ಲಿ ಆಕಾರ ಬದಲಾಗುದಿಲ್ಲ. ಮತ್ತೆ ಪಾರ್ಟಿಗೆ ವಾಟ್ಸಾಪಲ್ಲಿ ಪ್ರೂಫ್ ಹಾಕಿದ್ರೆ ಹೆಬ್ಬೆಟ್ಟು ಒತ್ತಿ ಬಿಡ್ತಾರೆ, ಓದುದೇ ಇಲ್ಲ. ಅದಕ್ಕೆ ನಾನು ಹೇಳುದು, ಇದರಲ್ಲಿ ಇರುವ ಹೆಸರು ಎಲ್ಲ ನೀವು ಬಾಯಲ್ಲಿ ಓದಿ ವಾಯ್ಸ್ ಮೆಸೇಜ್ ಕಳಿಸಿ ಅಂತ. ಬಯ್ತಾರೆ, ಆದ್ರೂ ಓದ್ತಾರೆ.


ಉಡುಪಿ_ಟೀಶರ್ಟ್:

ಬೈಕಂಪಾಡಿಯಣ್ಣ, ಕೇಳಿದೆ. ಕೇಳಿದ ಮೇಲೆ ನನಗೇ ಬಾಯಿ ಬರ್ಲಿಲ್ಲ.

ಡ್ರೈಯರ್ 185ಕ್ಕೆ ಇಟ್ಟಿದ್ದನಂತೆ. ಯಾಕೆ ಮಾರಾಯ, 160 ಅಲ್ವಾ ನಾವು ಇಡುದು ಅಂದೆ. "ನೀವೇ ಅಲ್ವಾ ಜೂನಲ್ಲಿ ಆ ಕಾಟನ್ ಆರ್ಡರ್ ಬಿರುಕು ಬಿಟ್ಟಾಗ ಹೇಳಿದ್ದು, ಇನ್ನು ಮುಂದೆ ಹೀಟ್ ಜಾಸ್ತಿ ಇಡು, ಕಮ್ಮಿ ಇಟ್ರೆ ನಿನ್ನನ್ನು ಬಿಡುದಿಲ್ಲ ಅಂತ, ಅವತ್ತಿಂದ 185ರಲ್ಲೇ ಉಂಟು" ಅಂದ. ಹೇಳಿದ್ದು ಹೌದು. ನಾಲ್ಕು ಜನರ ಎದುರು ಜೋರಾಗಿಯೇ ಹೇಳಿದ್ದು.

ಕಟ್ಟು ಕಟ್ಟಿದ್ದು ಕೂಡ ಕೇಳಿದೆ. ಅವನು ಯಾವಾಗಲೂ ಡ್ರೈಯರಿಂದ ಬಂದ ಪೀಸನ್ನು ಟೇಬಲಲ್ಲಿ ಹರಡಿ ಹಾಕುವವ, ಮಳೆಗಾಲದಲ್ಲಿ ಫ್ಯಾನ್ ಕೂಡ ಇಡ್ತಾನೆ. ಆ ದಿನ ಮಧ್ಯಾಹ್ನ ಕರೆಂಟ್ ಹೋಗಿ ಮೂರು ಗಂಟೆ ಲೇಟಾಗಿತ್ತು, ಟೆಂಪೋ ಗೇಟಲ್ಲಿ ಬಂದು ಹಾರ್ನ್ ಹಾಕ್ತಾ ಇತ್ತು, ಬಂದ ಹಾಗೆ ಮಡಚಿ ಕಟ್ಟಿ ಅಂತ ಹೇಳಿದ್ದು ನಾನು. ಹಗ್ಗ ಹಿಡಿದದ್ದು ಭಾವ.


ಬೈಕಂಪಾಡಿ_ಪ್ರಿಂಟರ್:

ಹಾಂ, ಈಗ ಬಂತು ನೋಡಿ. ಜೂನಿಂದು ಬೇರೆ ವಿಷಯ ಅಂದ್ರಲ್ಲ, ಅದು ಇದರ ಅಣ್ಣ.

ಜೂನಲ್ಲಿ ಕಾಟನ್ ಯಾಕೆ ಬಿರುಕು ಬಿಟ್ಟಿತು? ಡ್ರೈಯರ್ 160ರಲ್ಲೇ ಇತ್ತು ತಾನೆ, ಎಪ್ರಿಲಲ್ಲಿ ಅದೇ 160ರಲ್ಲಿ ಸರಿ ಬರ್ತಿತ್ತು ತಾನೆ? ಬದಲಾದದ್ದು ಮಳೆ. ಹತ್ತಿ ಗಾಳಿಯ ನೀರನ್ನು ಕುಡೀತದೆ, ಸಾಧಾರಣ ಹವೆಯಲ್ಲೇ ಅದರ ತೂಕದ ಶೇ. 8ರಷ್ಟು ನೀರು ಇರ್ತದೆ, ನಮ್ಮ ಊರಿನ ಜೂನ್ ಜುಲೈಯಲ್ಲಿ ಕೇಳುದೇ ಬೇಡ, ಹಪ್ಪಳ ಮೆತ್ತಗಾಗುವ ಊರು. ಆ ಬಟ್ಟೆ ಡ್ರೈಯರ್ ಒಳಗೆ ಹೋದ್ರೆ ಮೊದಲ ಬಿಸಿ ಎಲ್ಲ ನೀರು ಒಣಗಿಸ್ಲಿಕ್ಕೇ ಖರ್ಚು, ಇಂಕಿಗೆ ಸಿಗುವಾಗ ಪೀಸ್ ಬೆಲ್ಟಿನ ಆಚೆ ತುದಿಗೆ ಬಂದಾಗಿರ್ತದೆ. ಮೇಲೆ ಒಣಗಿದ ಹಾಗೆ ಕಾಣ್ತದೆ, ಒಳಗೆ ಹಸಿ. ಎರಡು ಒಗೆತಕ್ಕೆ ಬಿರುಕು.

ಅದಕ್ಕೆ ಮದ್ದು ಹೀಟ್ ಜಾಸ್ತಿ ಮಾಡುದಲ್ಲ, ಬೆಲ್ಟ್ ನಿಧಾನ ಮಾಡುದು. ಇಲ್ಲ ಪ್ರಿಂಟಿಗೆ ಮೊದಲು ಬರೇ ಬಟ್ಟೆಯನ್ನು ಒಮ್ಮೆ ಡ್ರೈಯರಲ್ಲಿ ಓಡಿಸುದು. ನೀವು ಹೇಳಿದ್ದು 'ಹೀಟ್ ಜಾಸ್ತಿ ಇಡು' ಅಂತ ಮಾತ್ರ, ಯಾಕೆ ಅಂತ ಹೇಳ್ಲಿಲ್ಲ, ನಿಮಗೂ ಆಗ ಗೊತ್ತಿರ್ಲಿಕ್ಕಿಲ್ಲ ಬಿಡಿ. ಹುಡುಗ ಹೇಳಿದ ಹಾಗೆ ಕೇಳಿದ. ಪಾಲಿಯೆಸ್ಟರಲ್ಲಿ ನೀರೇ ನಿಲ್ಲುದಿಲ್ಲ, ಶೇ. 0.4 ಅಷ್ಟೇ, ಹಾಗಾಗಿ 185ರ ಬಿಸಿ ಪೂರ್ತಿ ನೇರ ಬಣ್ಣಕ್ಕೆ ಹೋಯ್ತು. ಕಾಟನ್ನಿಗೆ ಕಲಿತ ಪಾಠವನ್ನು ಪಾಲಿಯೆಸ್ಟರಿಗೆ ಹಾಕಿದ್ರಿ. ಆ ಹುಡುಗ ಸ್ವಲ್ಪ ಸೋಮಾರಿ ಆಗಿ ನಿಮ್ಮ ಮಾತು ಮರೆತಿದ್ರೆ ಈ 27 ಸಾವಿರ ಉಳೀತಿತ್ತೋ ಏನೋ!

ಕೆಲಸದ ವಿಷಯ ಹೇಳ್ತೇನೆ. ಪಾಲಿಯೆಸ್ಟರಿಗೆ ಲೋ ಬ್ಲೀಡ್ ಬಿಳಿ (ಬಟ್ಟೆಯ ಬಣ್ಣ ಮೇಲೆ ಬರದ ಹಾಗೆ ತಡೆಯುವ ಇಂಕ್) ಬೇರೆಯೇ ಸಿಗ್ತದೆ, 130-140 ಡಿಗ್ರಿಗೆ ಕ್ಯೂರ್ ಆಗುವ ಇಂಕೂ ಉಂಟು, ಎರಡೂ ರೇಟ್ ಜಾಸ್ತಿ. ಕೆಂಪು ಮರೂನ್ ಆದ್ರೆ ಅಡಿಯಲ್ಲಿ ಒಂದು ಕೋಟ್ ಬೂದು ಬ್ಲಾಕರ್ ಹಾಕಿ ಮೇಲೆ ಬಿಳಿ ಹಾಕುದು, ಬಣ್ಣ ಅಲ್ಲೇ ತಡೀತದೆ. ಡ್ರೈಯರಿನ ಮೀಟರನ್ನು ನಂಬಬೇಡಿ, ಅದು ಹೀಟರಿನ ಹತ್ತಿರದ ಬಿಸಿ ತೋರಿಸುದು, ಬಟ್ಟೆಗೆ ಅಂಟಿಸುವ ಟೆಂಪರೇಚರ್ ಸ್ಟ್ರಿಪ್ ಸಿಗ್ತದೆ, ಅದನ್ನು ಪ್ರಿಂಟಿನ ಹತ್ತಿರ ಅಂಟಿಸಿ ಒಳಗೆ ಬಿಡಿ. ಬಿಸಿ ಅಳೆಯುವ ಲೇಸರ್ ಗನ್ ಇದ್ರೆ ಆಗ್ಬಹುದು, ಆದ್ರೆ ಅದು ಮೇಲಿನ ಚರ್ಮ ಮಾತ್ರ ನೋಡುದು. ಹೊಸ ರೋಲ್ ಬಂದ್ರೆ ಮೊದಲು ಒಂದು ತುಂಡಿಗೆ ಪ್ರಿಂಟ್ ಹೊಡೆದು ಎರಡು ಮೂರು ಸಲ ಡ್ರೈಯರಲ್ಲಿ ಓಡಿಸಿ, ಬಿಸಿ ಇರುವಾಗಲೇ ಬಟ್ಟೆ ರಾಶಿಯ ಅಡಿಯಲ್ಲಿ ಇಡಿ, ಮೂರನೇ ದಿನ ತೆಗೆದು ನೋಡಿ. ಮೂರು ದಿನ ಇಲ್ಲದ ಆರ್ಡರ್ ಆದ್ರೆ ಕೆಂಪು ಪಾಲಿಯೆಸ್ಟರ್ ಒಪ್ಕೊಳ್ಳುದೇ ಬೇಡ.


ಸುರತ್ಕಲ್_ಹೊಲಿಗೆ:

ನಾನು ಹೊಲಿಗೆಯವಳು, ಪ್ರಿಂಟಿಂಗ್ ಅಷ್ಟಾಗಿ ಗೊತ್ತಿಲ್ಲ, ಸಂಬಳದ ಮಾತಿಗೆ ಮಾತ್ರ ಬಂದೆ.

ತಮ್ಮ, ಹಿಡೀಬೇಡಿ. ಕಾನೂನು ಕೂಡ ಸುಮ್ಮನೆ ಬಿಡುದಿಲ್ಲ, ಮೊದಲು 1936ರ ವೇಜಸ್ ಕಾಯ್ದೆಯಲ್ಲಿ ಇತ್ತು, ಈಗ ಅದರ ಬದಲಿಗೆ ಬಂದ 2019ರ ವೇಜಸ್ ಕೋಡಲ್ಲೂ ಉಂಟು, ಹಾನಿಗೆ ಅಂತ ಸಂಬಳದಿಂದ ಹಿಡೀಬೇಕಾದ್ರೆ ಅದು ಅವನದ್ದೇ ಅಲಕ್ಷ್ಯದಿಂದ ಆಗಿರ್ಬೇಕು, ಮೊದಲು ಅವನ ಮಾತು ಕೇಳ್ಬೇಕು. ನೀವೀಗ ಕೇಳಿದ್ರಲ್ಲ, ಯಾರದ್ದು ಅಂತ ಗೊತ್ತಾಯ್ತಲ್ಲ. ಆದ್ರೆ ನಾನು ಹೇಳ್ಲಿಕ್ಕೆ ಹೊರಟದ್ದು ಕಾನೂನಲ್ಲ. ನಾನು ಮೊದಲು ಒಂದು ದೊಡ್ಡ ಯೂನಿಟಲ್ಲಿ ಲೈನಲ್ಲಿ ಕೂತು ಹೊಲಿದವಳು, ಅಲ್ಲಿ ಪೀಸ್ ಹಾಳಾದ್ರೆ ಹಿಡೀತಿದ್ರು. ನಾವು ಎಂತ ಮಾಡ್ತಿದ್ದೆವು ಗೊತ್ತುಂಟಾ? ಹಾಳಾದ ಪೀಸನ್ನು ಒಳ್ಳೇ ಪೀಸಿನ ಕಟ್ಟಿನ ಒಳಗೆ ಹಾಕಿ ಮುಂದೆ ದೂಡುದು. ತೋಳಿನ ಹೊಲಿಗೆ ಬಿಟ್ಟಿದ್ರೂ ಮಡಚಿ ಒಳಗೆ. ಪ್ಯಾಕಿಂಗಿನವರಿಗೂ ಅದೇ ಹೆದರಿಕೆ, ಅವರೂ ದೂಡುದು. ಕೊನೆಗೆ ಸಿಗುದು ಗಿರಾಕಿಗೆ.

ನನ್ನದೇ ಯೂನಿಟ್ ಮಾಡಿದ ಮೇಲೆ ಮೊದಲ ದೊಡ್ಡ ಪೆಟ್ಟು ತಿಂದದ್ದು ಬಣ್ಣದಲ್ಲಿ. ನೇವಿ ಬ್ಲೂ ಎರಡು ರೋಲ್, ಲಾಟ್ ನಂಬರ್ ಬೇರೆ ಬೇರೆ, ನೋಡಿರ್ಲಿಲ್ಲ. ಮೈ ಒಂದು ರೋಲಿಂದ, ತೋಳು ಇನ್ನೊಂದರಿಂದ ಕಟ್ ಆಯ್ತು. ನಮ್ಮ ಟ್ಯೂಬ್‌ಲೈಟ್ ಅಡಿಯಲ್ಲಿ ಒಂದೇ ಬಣ್ಣ, ಯಾರ ಕಣ್ಣಿಗೂ ಬೀಳ್ಲಿಲ್ಲ. ಶಾಲೆಯ ಮಕ್ಕಳು ಹಾಕಿ ಗ್ರೌಂಡಿಗೆ ಇಳಿದ್ರಲ್ಲ, ಬಿಸಿಲಿಗೆ ತೋಳೆಲ್ಲ ನೇರಳೆ! ಅವತ್ತು ಕಟಿಂಗ್ ಮಾಡಿದವಳು ಮನೆಗೆ ಹೋಗಿ ಮರುದಿನ ಬರ್ಲೇ ಇಲ್ಲ ಹೆದರಿ. ನಾನು ಅವಳ ಮನೆಗೆ ಹೋಗಿ ಕರ್ಕೊಂಡು ಬಂದೆ, ಅವಳೇ ಹೇಳಿದ್ದು, ಅಕ್ಕ, ರೋಲ್ ಬಂದ ಕೂಡ್ಲೆ ತುದಿ ಕತ್ತರಿಸಿ ಅಂಗಳಕ್ಕೆ ತಂದು ನೋಡುವ ಅಂತ. ಈಗಲೂ ಅಷ್ಟೇ, ರೋಲ್ ಬಂದ್ರೆ ಮೊದಲು ಅಂಗಳ. ಆಮೇಲೆ ಒಂದು ಅಡಿ ಚೌಕ ಗುರುತು ಹಾಕಿ ಮೂರು ಸಲ ಒಗೆದು ಒಣಗಿಸಿ ಅಳೆಯುದು, ಹನ್ನೆರಡು ಇಂಚಿನದ್ದು ಹನ್ನೊಂದೂವರೆ ಆದ್ರೆ ಪ್ಯಾಟರ್ನಲ್ಲೇ ಅಷ್ಟು ಉದ್ದ ಬಿಡುದು. ನಿಟ್ ಬಟ್ಟೆಯಾದ್ರೆ ರೋಲ್ ಬಿಚ್ಚಿ ಒಂದು ದಿನ ಹಾಗೇ ಹರಡಿ ಬಿಡ್ಬೇಕು ಕಟ್ ಮಾಡುವ ಮೊದಲು, ರೋಲಿಗೆ ಎಳೆದು ಸುತ್ತಿರ್ತಾರಲ್ಲ, ಬಿಟ್ಟ ಮೇಲೆ ಅದು ಒಳಗೆ ಹೋಗ್ತದೆ.

ಹಾಳಾದದ್ದು ನಾನು ಬಿಸಾಡುದಿಲ್ಲ, ಗೋಡೆಗೆ ಮೊಳೆ ಹೊಡೆದು ನೇತಾಡಿಸಿದ್ದೇನೆ, ಒಂದೊಂದಕ್ಕೆ ಒಂದು ಚೀಟಿ, ಎಂತ ಆದದ್ದು, ಯಾಕೆ ಆದದ್ದು, ಯಾವ ಬಟ್ಟೆ. ಮಾಡಿದವರ ಹೆಸರು ಬರೆಯುದಿಲ್ಲ. 'ಯಾಕೆ' ಅನ್ನುದು ಬರೀಲೇಬೇಕು, ಇಲ್ದಿದ್ರೆ ನಿಮ್ಮ 185ರ ಹಾಗೆ ಆಗ್ತದೆ. ಬರುವ ಗಿರಾಕಿ ಕೇಳ್ತಾರೆ, ಇದೆಂತ ಅಕ್ಕ ಹಾಳಾದ್ದೇ ಶೋಕೇಸಲ್ಲಿ ಇಟ್ಟಿದ್ದೀರಿ ಅಂತ.


ಕ್ಲಬ್_ಕಾರ್ಯದರ್ಶಿ_ಕಾಪು:

ಆರ್ಡರ್ ಕೊಡುವವರ ಕಡೆಯಿಂದ ಒಂದು ಮಾತು, ಬಯ್ಯಬೇಡಿ. ತಪ್ಪು ನಮ್ಮದೂ ಉಂಟು. ಪ್ರೋಗ್ರಾಮ್ ಇದೆ ಅಂತ ಮೂರು ತಿಂಗಳು ಮೊದಲೇ ಗೊತ್ತಿರ್ತದೆ, ಟೀಶರ್ಟ್ ಮೀಟಿಂಗ್ ಮಾಡುದು ಹತ್ತು ದಿನ ಇರುವಾಗ, ಬಣ್ಣಕ್ಕೆ ಜಗಳ ಆಡಿ ಮುಗಿಯುವಾಗ ಆರು ದಿನ. ಸೈಜ್ ಲಿಸ್ಟ್ ಕೊಡುವಾಗ ಎಲ್ಲ ಮೀಡಿಯಂ, ಹೊಟ್ಟೆ ಇದ್ದವನೂ ಮೀಡಿಯಂ. ಹೋದ ವರ್ಷ ಕೊನೆಗೆ ಐದು ಎಕ್ಸ್ಎಲ್ ಬೇಕು ಅಂತ ರಾತ್ರಿ 11ಕ್ಕೆ ಫೋನ್ ಮಾಡಿದ್ದು ನಾನೇ.

ಒಂದು ಉಪಾಯ ನಮಗೆ ಕೆಲಸ ಮಾಡಿತು. ನಾವು ಮಾಡಿಸುವ ಯೂನಿಟಿನವರು ಈ ಸಲ ಎಂ, ಎಲ್, ಎಕ್ಸ್ಎಲ್ ಮೂರು ಹಳೇ ಪೀಸ್ ಕಳಿಸಿ ಹಾಕಿ ನೋಡಿ ಹೇಳಿ ಅಂದ್ರು. ಮೀಡಿಯಂ ಅಂದವರಲ್ಲಿ ಅರ್ಧ ಜನ ಎಲ್‌ಗೆ ಹೋದ್ರು. ಮಾನ ಹೋಯ್ತು, ಟೀಶರ್ಟ್ ಸರಿ ಬಂತು.


ಕುಡ್ಲ_ಕಟಿಂಗ್:

ನಾನು ಡಿಟಿಎಫ್ ಹೇಳಿದ್ದಕ್ಕೆ ಬೈಕಂಪಾಡಿಯಣ್ಣ ಬಯ್ದದ್ದು ಸರಿ ಅಂತ ಕಾಣ್ತದೆ, ನಮ್ಮ ಮರೂನ್ ಜೆರ್ಸಿಯ ನಂಬರ್ ಈಗ ಹೋಗಿ ನೋಡಿದೆ. ಬಿಳಿ ಇದ್ದದ್ದು. ಬೇಡ, ನಾನು ಹೇಳುದಿಲ್ಲ.


ಉಡುಪಿ_ಟೀಶರ್ಟ್:

ಎಲ್ಲರಿಗೂ ಉಪಕಾರ ಆಯ್ತು. ಐದು ದಿನ ಬಿಟ್ಟು ಬರೀತಾ ಇದ್ದೇನೆ ಯಾಕೆಂದ್ರೆ ಟೆಸ್ಟ್ ಮಾಡದೆ ಬರೀಬಾರ್ದು ಅಂತ ಕೂತೆ.

ಉಳಿದ ಕೆಂಪು ಬಟ್ಟೆಯಲ್ಲಿ ನಾಲ್ಕು ತುಂಡು ಮಾಡಿದೆವು, ನಾನು ಮತ್ತು ಹುಡುಗ, ಭಾವ ದೂರದಲ್ಲಿ ಕುರ್ಚಿಯಲ್ಲಿ. ಒಂದು 185, ಬಿಸಿಬಿಸಿ ಮಡಚಿ ರಾಶಿಯ ಅಡಿಗೆ. ಒಂದು 185, ಹರಡಿ ಫ್ಯಾನಿಗೆ. ಒಂದು 160, ಫ್ಯಾನಿಗೆ. ನಾಲ್ಕನೇದು ಮಂಗಳೂರಿಂದ ಲೋ ಬ್ಲೀಡ್ ಬಿಳಿ ಒಂದು ಕೆಜಿ ತರಿಸಿ ಅದರಲ್ಲಿ, 160, ಅದನ್ನು ಬೇಕಂತಲೇ ರಾಶಿಯ ಅಡಿಗೆ ಇಟ್ಟದ್ದು. ಮೂರನೇ ದಿನ ಬೆಳಿಗ್ಗೆ ತೆಗೆದು ಬಾಗಿಲ ಹತ್ತಿರ ಬೆಳಕಿಗೆ ಹಿಡಿದೆವು. ಮೊದಲಿನದ್ದು ಥೇಟ್ ಆ ಹುಲಿ ಹಲ್ಲಿನ ಬಣ್ಣ. ಎರಡನೇದು ಒಂದನ್ನೇ ನೋಡಿದ್ರೆ ಬಿಳಿ ಅಂತಲೇ ಕಾಣ್ತದೆ, ಪಕ್ಕದಲ್ಲಿ ಬಿಳಿ ಕಾಗದ ಇಟ್ಟಾಗ ಸ್ವಲ್ಪ ಕೆಂಪು ಹೊಡೀತದೆ. ಮೂರನೇದರಲ್ಲಿ ನನಗೆ ಏನೂ ಕಾಣ್ಲಿಲ್ಲ, ಹುಡುಗ ಅಂಚಲ್ಲಿ ಉಂಟು ಅಂದ, ಅವನ ಕಣ್ಣು ಚುರುಕು. ನಾಲ್ಕನೇದು ಬಿಳಿ.

ಭಾವ ಸಂಬಳದ ಮಾತು ಪುನಃ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಹಗ್ಗದ ವಿಷಯವೂ ಎತ್ತಲಿಲ್ಲ.

ಅಕ್ಕ ಹೇಳಿದ ಹಾಗೆ ಪಿಂಕ್ ಹುಲಿ ಒಂದನ್ನು ಡ್ರೈಯರಿನ ಎದುರು ಗೋಡೆಗೆ ಹಾಕಿದ್ದೇವೆ. ಚೀಟಿ ಹುಡುಗನ ಕೈಬರಹ, ನಾನು ತಿದ್ದಲಿಲ್ಲ. "ಪಾಲಿಯೆಸ್ಟರ್ ಕೆಂಪು. 185 ಇಟ್ಟದ್ದು, ಬಿಸಿ ಇರುವಾಗ ಕಟ್ಟಿದ್ದು. 185 ಕಾಟನ್‌ಗೆ ಅಂತ ಹೇಳಿದ್ದು. ಕಾಟನ್‌ಗೂ ಬೇಡ, ಬೆಲ್ಟ್ ಸ್ಲೋ ಮಾಡುದು." ಅಷ್ಟು ಬರೆದು ಕೆಳಗೆ ಒಂದು ಗೆರೆ ಎಳೆದು "ಟೆಂಪೋ ಕಾಯಲಿ" ಅಂತ ಕೂಡ ಸೇರಿಸಿದ್ದಾನೆ, ಅದು ನನಗೆ ಅಂತ ಗೊತ್ತಾಯ್ತು.

ನವರಾತ್ರಿಗೆ ಒಂದು ಮಂಡಳಿಯ 180 ಪೀಸ್ ಉಂಟು, ಮರೂನೇ ಬೇಕಂತೆ, ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ರೋಲ್ ಇವತ್ತು ಮಧ್ಯಾಹ್ನ ಬಂತು. ಲಾರಿಯಿಂದ ಇಳಿಸುದೇ ತಡ ಅವನೇ ತುದಿ ಕತ್ತರಿಸಿ ಪ್ರಿಂಟ್ ಹೊಡೆದು ಮೂರು ಸಲ ಓಡಿಸಿ ರಾಶಿಯ ಅಡಿಗೆ ತಳ್ಳಿದ್ದಾನೆ. ಗುರುವಾರ ತೆಗೆದು ನೋಡ್ಬೇಕು.